ಹಲ್ಲುನೋವು ನಿಂತಿತು, ದವಡೆ ಊದಿತು

ಪ್ರಶ್ನೆ: ನಮ್ಮ ಮಾವನಿಗೆ 64 ವರ್ಷ, ಶುಗರ್ ಇದೆ. ಕೆಳಗಿನ ದವಡೆ ಹಲ್ಲು ಹುಳುಕಾಗಿ ನೋಯುತ್ತಿತ್ತು. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ಎರಡು ಸಲ ತಗೊಂಡರು, ಎರಡು ಸಲವೂ ಕಮ್ಮಿಯಾಗಿ ಮತ್ತೆ ಬಂತು. ಈಗ ಮೂರು ದಿನದಿಂದ ನೋವೇ ಇಲ್ಲ. ಆದರೆ ದವಡೆ ಕೆಳಗೆ ಊದಿದೆ, ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕಿರುವುದೇ ಹೆಚ್ಚು, ಕೊನೆಕೊಯ್ಲು ಮುಗಿಸಿಯೇ ಡಾಕ್ಟರ ಹತ್ತಿರ ಹೋಗೋಣ ಅನ್ನುತ್ತಾರೆ. ಕಾಯಬಹುದೇ?
– ಶಿರಸಿ ಹತ್ತಿರದ ಓದುಗರು

ಉತ್ತರ: ಬೇಡವೇ ಬೇಡ. ಪತ್ರ ನೋಡಿದ ಕೂಡಲೇ ನಿಮಗೆ ಫೋನ್ ಮಾಡಿ, ಇವತ್ತೇ ಕರೆದುಕೊಂಡು ಹೋಗಿ ಅಂದಿದ್ದೆ. ಅಡಿಕೆ ಕೊನೆ ಇನ್ನೂ ನಾಲ್ಕು ದಿನ ಮರದಲ್ಲೇ ಇರಲಿ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ನೋವು ನಿಂತರೆ ವಾಸಿಯಾಯಿತು ಅಂತಲ್ಲ. ಹಲ್ಲಿನೊಳಗಿನ ನರ ಸತ್ತರೂ ನೋವು ನಿಲ್ಲುತ್ತದೆ. ಬೇರಿನ ತುದಿಯಲ್ಲಿ ಕಟ್ಟಿದ್ದ ಕೀವು ಎಲುಬು ಕೊರೆದು ಹೊರಬಿದ್ದರೂ ನಿಲ್ಲುತ್ತದೆ. ಕೆಳಗಿನ ಹಿಂದಿನ ಹಲ್ಲುಗಳ ಬೇರು ಆಳಕ್ಕೆ ಇಳಿದಿರುವುದರಿಂದ ಆ ಕೀವು ಎಷ್ಟೋ ಸಲ ಬಾಯೊಳಗೆ ಒಡೆಯದೆ ಕುತ್ತಿಗೆ ಕಡೆಗೇ ಹೋಗುತ್ತದೆ, ಎರಡೂ ಬದಿಗೆ ಹರಡಿ ನಾಲಿಗೆಯನ್ನು ಮೇಲಕ್ಕೆ ದೂಡಿದರೆ ಉಸಿರಿನ ದಾರಿಯೇ ಮುಚ್ಚಬಹುದು. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದರು, ಹಾಗಾಗಿ ಲುಡ್ವಿಗ್ ಆಂಜೈನಾ ಅನ್ನುತ್ತೇವೆ. ಆಂಜೈನಾ ಅಂದರೆ ಎದೆನೋವು ಅಂತ ಕೇಳಿರಬಹುದು, ಆದರೆ ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಒಂದು ಸಂಜೆ ನನ್ನ ಕ್ಲಿನಿಕ್ಕಿಗೆ ಒಬ್ಬರು ಜೊಲ್ಲನ್ನು ಟವೆಲಿಗೆ ಒರೆಸಿಕೊಳ್ಳುತ್ತಲೇ ಬಂದು ಕೂತರು. 'ನೋವೇನಿಲ್ಲ ಡಾಕ್ಟ್ರೇ' ಅಂದರು. ಬಾಯಿ ತುಂಬ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗಿತ್ತು ಆ ದನಿ. ಗದ್ದದ ಅಡಿ ಮುಟ್ಟಿದರೆ ಹಲಗೆಯಂತೆ ಗಟ್ಟಿ. ಆ ರಾತ್ರಿಯೇ ಹುಬ್ಬಳ್ಳಿಗೆ ಕಳಿಸಿದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮುಂದಿನ ಹಲ್ಲುಗಳ ನಡುವೆ ಅವರದೇ ಬೆರಳುಗಳನ್ನು ಒಂದರ ಮೇಲೊಂದು ಇಡಲು ಹೇಳಿ. ಸಾಮಾನ್ಯವಾಗಿ ಮೂರು ಹಿಡಿಯುತ್ತವೆ, ಎರಡೂ ಹಿಡಿಯದಿದ್ದರೆ ಅವತ್ತೇ ಆಸ್ಪತ್ರೆಗೆ. ಉಗುಳು ನುಂಗಲು ಆಗದಿದ್ದರೆ, ದನಿ ಬದಲಾದರೆ, ಮಲಗಿದರೆ ಉಸಿರು ಕಟ್ಟಿ ಎದ್ದು ಕೂತರೆ 108ಕ್ಕೆ ಫೋನ್ ಮಾಡಿ. ಹಲ್ಲಿನ ಕ್ಲಿನಿಕ್ ಹುಡುಕಬೇಡಿ, ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಯೇ ಬೇಕು. ನಮ್ಮ ಜಿಲ್ಲೆಯಲ್ಲಿ ಅದು ಹತ್ತಿರದಲ್ಲಿಲ್ಲ ಅಲ್ವಾ? ಘಟ್ಟ ಇಳಿಯಲಿ, ಹುಬ್ಬಳ್ಳಿಗೆ ಹೋಗಲಿ, ದಾರಿಗೇ ಗಂಟೆಗಟ್ಟಲೆ ಬೇಕು.

ಗುಳಿಗೆ ಯಾಕೆ ಸಾಲದು? ಔಷಧ ರಕ್ತದ ಮೂಲಕ ಹೋಗುತ್ತದೆ, ಕೀವಿನ ಗಂಟಿನೊಳಗೆ ರಕ್ತ ಹರಿಯುವುದಿಲ್ಲ. ಕೀವು ತೆಗೆಯಬೇಕು, ಹಲ್ಲು ಕೀಳಬೇಕು ಇಲ್ಲವೇ ರೂಟ್ ಕೆನಾಲ್ ಮಾಡಬೇಕು. ನನ್ನಂತೆ ಊರಲ್ಲಿ ಪ್ರಾಕ್ಟೀಸ್ ಮಾಡುವ ಗೆಳೆಯರಿಗೂ ಕೇಳಿಕೊಳ್ಳುತ್ತೇನೆ, ಮೂರನೇ ಸಲ ಸುಮ್ನೆ ಆಂಟಿಬಯಾಟಿಕ್ ಬದಲಿಸಬೇಡಿ, ಬಾಯಿ ಎಷ್ಟು ತೆರೆಯುತ್ತದೆ ನೋಡಿ, ಜ್ವರ ನೋಡಿ, ಶುಗರ್ ನೋಡಿ. ಶುಗರ್ ಇದ್ದವರಲ್ಲಿ ಸೋಂಕು ಜಾಸ್ತಿ ಬೇಗ ಹರಡುತ್ತದೆ.

ಹೋಗುವಾಗ ಹಳೆಯ ಚೀಟಿ, ಶುಗರ್ ಗುಳಿಗೆ ಎರಡೂ ಜೊತೆಗಿರಲಿ. ಗಾಡಿಯಲ್ಲಿ ಅಂಗಾತ ಮಲಗಿಸಬೇಡಿ, ಕೂರಿಸಿಕೊಂಡೇ ಕರೆದೊಯ್ಯಿರಿ.