ನಿಮ್ಮ ಪ್ರಶ್ನೆ: ಕಿವಿಗೊಟ್ಟರೆ ಕಳ್ಳ ಸಿಗ್ತಾನಾ?

ಪ್ರಶ್ನೆ: ನನ್ನ ಮಗ ಊಟ ಆದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತರೆ ಏಳುವುದೇ ಇಲ್ಲ. ಇಣುಕಿ ನೋಡಿದರೆ ಮನೆ ಪ್ಲಾನ್ ಥರ ಏನೋ ಇದೆ, ಅದರೊಳಗೆ ಬಿಲ್ಲೆಗಳು ಓಡಾಡುತ್ತವೆ. "ಅಮ್ಮಾ, ಪತ್ತೇದಾರಿ ಗೇಮು, ಮಾತಾಡಿಸ್ಬೇಡ" ಅಂತಾನೆ. ಏನೂ ಕಾಣದಿದ್ದ ಮೇಲೆ ಪತ್ತೆ ಹಚ್ಚುವುದು ಏನನ್ನು?
(ಗೃಹಿಣಿಯೊಬ್ಬರು, ದಾವಣಗೆರೆ)

ಉತ್ತರ: ನೀವು ಹೇಳಿದ್ದು ನೋಡಿದರೆ ಅದು 2019ರಲ್ಲಿ ಬಂದ 'ಅನ್‌ಹರ್ಡ್' ಇರಬೇಕು, ಚೀನಾದ ನೆಕ್ಸ್ಟ್ ಸ್ಟುಡಿಯೋಸ್ ಮಾಡಿದ ಗೇಮು. ಅದರಲ್ಲಿ ಅಪರಾಧ ನಡೆದ ಜಾಗದ ನಕ್ಷೆ ಕೊಡುತ್ತಾರೆ, ಅಲ್ಲಿ ಆಗ ನಡೆದ ಮಾತುಕತೆ ಕೇಳಿಸುತ್ತಾರೆ, ಅಷ್ಟೇ. ಯಾರ ಮುಖವೂ ಕಾಣಲ್ಲ. ಆ ಬಿಲ್ಲೆಗಳೇ ಮನುಷ್ಯರು. ಹೆಸರುಗಳ ಪಟ್ಟಿ ಬೇರೆ ಇರುತ್ತದೆ. ಯಾವ ದನಿ ಯಾರದ್ದು ಅಂತ ಗುರುತು ಹಿಡಿದು ಹೆಸರು ಅಂಟಿಸಬೇಕು, ಆಮೇಲೆ ಕದ್ದವನು ಯಾರು, ಕೊಂದವನು ಯಾರು ಅಂತ ಹೇಳಬೇಕು.

ಇದರಲ್ಲೇನು ಕಷ್ಟ ಅನ್ನಿಸಬಹುದು. ಕಷ್ಟ ಇರುವುದು ನಿಲ್ಲುವ ಜಾಗದಲ್ಲಿ. ನೀವು ಯಾವ ಕೋಣೆಯಲ್ಲಿದ್ದೀರೋ ಅಲ್ಲಿನ ಮಾತಷ್ಟೇ ಕೇಳುತ್ತದೆ, ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಇನ್ನೇನೋ ನಡೆದುಹೋಗಿರುತ್ತದೆ. ಹೀಗಿಟ್ಟುಕೊಳ್ಳಿ: ಹಾಲ್‌ನಲ್ಲಿ ಒಬ್ಬ ಫೋನ್ ಎತ್ತಿ "ಹೂಂ... ಸರಿ... ಈಗ ಬೇಡ" ಅಂದು ಇಟ್ಟುಬಿಟ್ಟ. ಆ ಕಡೆಯಿಂದ ಮಾತಾಡಿದ್ದು ಯಾರು? ಪರದೆಯ ಕೆಳಗಡೆ ಸಮಯ ತೋರಿಸುವ ಗೆರೆಯನ್ನು ಹಿಂದಕ್ಕೆ ಎಳೆದು, ಅದೇ ನಿಮಿಷಕ್ಕೆ ಒಂದೊಂದೇ ಕೋಣೆಗೆ ಓಡಿ ನೋಡಬೇಕು. ಕೊನೆಗೆ ಯಾವುದೋ ಮೂಲೆಯ ಕೋಣೆಯಲ್ಲಿ ಒಬ್ಬಳು "ಅವನು ಹೊರಟನಾ?" ಅಂತ ಮೆಲ್ಲಗೆ ಕೇಳುತ್ತಿರುತ್ತಾಳೆ, ಅದಕ್ಕೆ ಸರಿಯಾಗಿ "ಈಗ ಬೇಡ" ಬಂದು ಕೂರುತ್ತದೆ. ಆ ಕ್ಷಣಕ್ಕೆ ಮೈ ಜುಮ್ ಅನ್ನುತ್ತದೆ ನೋಡಿ, ನಿಮ್ಮ ಮಗ ಏಳದೇ ಇರುವುದು ಅದಕ್ಕೇ.

ನಾನು ಮೊದಲ ಸಲ ಆಡಿದಾಗ ಎಲ್ಲಿ ಜಗಳ ಜೋರಾಗಿದೆಯೋ ಅಲ್ಲಿಗೇ ಓಡಿದೆ, ಬೀದಿಯಲ್ಲಿ ಗಲಾಟೆ ಅಂದರೆ ನಾವೆಲ್ಲ ಓಡುತ್ತೇವಲ್ಲ ಹಾಗೆ. ಏನೂ ಸಿಗಲಿಲ್ಲ. ಒಬ್ಬನನ್ನೇ ಹಿಡಿದು, ಮೊದಲಿಂದ ಕೊನೆವರೆಗೂ ಅವನ ಬೆನ್ನು ಬಿಡದೆ ಹೋಗಿ, ಆಮೇಲೆ ಇನ್ನೊಬ್ಬನನ್ನು ಹಿಡಿಯುವುದೇ ಸರಿ. ಆದ್ದರಿಂದ ಮಗನನ್ನು ಮಧ್ಯೆ ಮಾತಾಡಿಸಬೇಡಿ, ಅವನು ಹೇಳಿದ್ದು ನಿಜವೇ. ಒಂದು ಹೆಡ್‌ಫೋನ್ ನೀವೂ ತಗೊಂಡು ಪಕ್ಕ ಕೂತುಬಿಡಿ. ರೇಡಿಯೋ ನಾಟಕ ಕೇಳಿ ಬೆಳೆದವರಿಗೆ ದನಿ ಗುರುತು ಹಿಡಿಯುವುದು ಮಕ್ಕಳಿಗಿಂತ ಬೇಗ ಬರುತ್ತದೆ.

ಪ್ರಶ್ನೆ: ನನ್ನ ಇಯರ್‌ಫೋನ್‌ನಲ್ಲಿ ಒಂದೇ ಕಡೆ ಕೇಳುತ್ತೆ. ಸದ್ದಿನ ಗೇಮ್ ಆಡೋಕೆ ಸಾಕಾ?
(ಪಿಯು ವಿದ್ಯಾರ್ಥಿ, ಉಡುಪಿ)

ಉತ್ತರ: ಮಾತು ಅರ್ಥವಾಗೋಕೆ ಸಾಕು, ಸದ್ದು ಎಲ್ಲಿಂದ ಬಂತು ಅಂತ ತಿಳಿಯೋಕೆ ಸಾಲದು. ಬಲಗಡೆಯ ಸದ್ದು ಎಡಗಿವಿಗೆ ಒಂದು ಚೂರು ತಡವಾಗಿ, ಒಂದು ಚೂರು ಮೆತ್ತಗೆ ಮುಟ್ಟುತ್ತದೆ. ತಡ ಅಂದರೆ ಎಷ್ಟು, ಹೆಚ್ಚೆಂದರೆ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಅಷ್ಟರಲ್ಲೇ ಮಿದುಳು ದಿಕ್ಕು ಹೇಳಿಬಿಡುತ್ತದೆ. ಒಂದೇ ಕಿವಿಯಾದರೆ ಹೋಲಿಸೋಕೆ ಇನ್ನೊಂದಿಲ್ಲ. ಹೊಸದು ತಗೊಳ್ಳಿ, ದುಬಾರಿಯದ್ದೇ ಬೇಕಿಲ್ಲ, ಎರಡೂ ಕಡೆ ಕೇಳಿದರಾಯಿತು.

ಪ್ರಶ್ನೆ: ನನಗೆ ಕಣ್ಣು ಕಾಣುವುದಿಲ್ಲ. ಸದ್ದಿನಿಂದಲೇ ಆಡುವ ಗೇಮ್ ಅಂದಾಗ ಆಸೆಯಾಯಿತು. ನಾನೂ ಆಡಬಹುದೇ?
(ಓದುಗರೊಬ್ಬರು, ಮೈಸೂರು)

ಉತ್ತರ: 'ಅನ್‌ಹರ್ಡ್' ಕಷ್ಟ ಸಾರ್. ಕಥೆಯೆಲ್ಲ ಸದ್ದಿನಲ್ಲಿದ್ದರೂ ಆಟ ನಡೆಯುವುದು ನಕ್ಷೆಯ ಮೇಲೆ, ಹೆಸರು ಅಂಟಿಸೋಕೂ ಕಣ್ಣು ಬೇಕು. ಇಷ್ಟು ಚೆನ್ನಾಗಿ ಕಿವಿ ನಂಬಿದವರು ಕಣ್ಣಿಲ್ಲದವರನ್ನು ಮರೆತರಲ್ಲ ಅಂತ ನನಗೂ ಬೇಜಾರಿದೆ. ಬದಲಿಗೆ 'ಎ ಬ್ಲೈಂಡ್ ಲೆಜೆಂಡ್' ನೋಡಿ. 2015ರಲ್ಲಿ ಫ್ರಾನ್ಸಿನ ಡೊವಿನೋ ತಂಡ ಮಾಡಿದ್ದು, ಫೋನ್‌ನಲ್ಲೂ ಆಡಬಹುದು. ಪತ್ತೇದಾರಿ ಅಲ್ಲ, ಸಾಹಸದ ಕಥೆ. ನಾಯಕ ಕುರುಡ, ಅವನ ಮಗಳು ಲೂಯಿಸ್ ಕೂಗಿ ದಾರಿ ತೋರಿಸುತ್ತಾಳೆ. ನೋಡೋಕೆ ಚಿತ್ರವೇ ಇಲ್ಲ. ನಾನು ಆಡುವಾಗ ಹೆಡ್‌ಫೋನ್ ಎಡಬಲ ಅದಲುಬದಲು ಹಾಕಿಕೊಂಡಿದ್ದೆ, ಹುಡುಗಿ ಒಂದು ಕಡೆ ಕರೆದರೆ ನಾನು ಇನ್ನೊಂದು ಕಡೆ. ಹತ್ತು ನಿಮಿಷ ಗೇಮನ್ನೇ ಬೈದೆ.

ಪ್ರಶ್ನೆ: ಇಂಥದ್ದು ಕನ್ನಡದಲ್ಲಿ ಇದೆಯಾ?
(ಓದುಗರು, ಧಾರವಾಡ)

ಉತ್ತರ: ನಾನು ಆಡಿದ್ದರಲ್ಲಂತೂ ಇಲ್ಲ. ಆದರೆ ನಮ್ಮ ಭಾಷೆಗೆ ಇದು ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಲ್ಯೂಕಸ್ ಪೋಪ್ ಮಾಡಿದ 'ರಿಟರ್ನ್ ಆಫ್ ದಿ ಓಬ್ರಾ ಡಿನ್' ಅಂತ 2018ರ ಗೇಮ್ ಒಂದಿದೆ. ಈಸ್ಟ್ ಇಂಡಿಯಾ ಕಂಪನಿಯ ಹಡಗು, 60 ಜನ, ಯಾರು ಯಾರು, ಏನಾದರು ಅಂತ ಕಂಡುಹಿಡಿಯಬೇಕು. ಒಬ್ಬೊಬ್ಬರ ಸಾವಿನ ಕಥೆ ಶುರುವಾಗುವುದು ಕಪ್ಪು ಪರದೆಯಲ್ಲಿ, ಬರೀ ಸದ್ದು, ಮಾತು. ಅದು ಮುಗಿದ ಮೇಲೇ ಆ ಕ್ಷಣದ ದೃಶ್ಯ ನಿಂತ ಹಾಗೆ ಕಾಣುವುದು. ಮಾತಾಡುವ ಧಾಟಿ ಕೇಳಿಯೇ ಇವನು ಯಾವ ದೇಶದವನು ಅಂತ ಊಹಿಸಿ, ಪಟ್ಟಿಯಲ್ಲಿ ಹೆಸರು ಹುಡುಕಬೇಕಾಗುತ್ತದೆ. ನಮಗೆ ಬೇರೆ ದೇಶವೇ ಬೇಡ. ಲಾಡ್ಜಿನ ರಿಜಿಸ್ಟರಲ್ಲಿ ಊರು ಹುಬ್ಬಳ್ಳಿ ಅಂತ ಬರೆಸಿ, ಎಲ್ಲರ ಹತ್ತಿರ "ಹೌದ್ರೀ, ಬಂದೇನ್ರೀ" ಅಂತ ಮಾತಾಡುವವನೊಬ್ಬ ಕರೆಂಟ್ ಹೋದ ಗಳಿಗೆಯಲ್ಲಿ ಮೆಟ್ಟಿಲು ಎಡವಿ "ಎಂಥದು ಮಾರಾಯ!" ಅಂದುಬಿಟ್ಟರೆ ಸಾಕಲ್ಲ.