ವಾಂಡ್ರೆಡ್ ಸರಣಿಯನ್ನು ಎರಡನೇ ಭಾಗದಿಂದ ನೋಡಲು ಶುರು ಮಾಡಬಹುದೇ?

ಈ ಜಪಾನಿ ಅನಿಮೇಷನ್ ಸರಣಿಯ ಮೊದಲ ಭಾಗ ಬರೀ ಹುಡುಗಿಯರ ತಮಾಷೆ, ನಿಜವಾದ ಕಥೆ ಇರುವುದು ಎರಡನೆಯದರಲ್ಲಿ ಎಂದು ನಿಮಗೆ ಹೇಳಿದವರ ಮಾತನ್ನೇ ನನಗೂ ಒಬ್ಬ ಗೆಳೆಯ ಹೇಳಿದ್ದ. ಆಗ ನಾನು ಹುಡುಗರ ಹಾಸ್ಟೆಲಿನಲ್ಲಿದ್ದೆ. 2000ದಲ್ಲಿ ಬಂದ ಮೊದಲ 13 ಕಂತುಗಳನ್ನು ಹಾಗೇ ಬಿಟ್ಟು, 2001ರಲ್ಲಿ ಶುರುವಾದ 'ದಿ ಸೆಕೆಂಡ್ ಸ್ಟೇಜ್'ನ 13 ಕಂತುಗಳನ್ನು ಎರಡೇ ರಾತ್ರಿಯಲ್ಲಿ ನೋಡಿ ಮುಗಿಸಿದೆ. ಕಥೆ ಅರ್ಥವಾಗಲಿಲ್ಲವೆಂದಲ್ಲ, ಚೆನ್ನಾಗಿಯೇ ಅರ್ಥವಾಯಿತು. ಕಳೆದುಕೊಂಡದ್ದು ಬೇರೆಯೇ, ಅದು ನನಗೆ ತಿಳಿಯಲು ವರ್ಷಗಳು ಹಿಡಿದವು.

ಎರಡನೇ ಭಾಗದ ಆರಂಭದಲ್ಲೇ ಮಿಸ್ಟಿ ಎಂಬ ಹುಡುಗಿ ಬರುತ್ತಾಳೆ. ಗಂಡು ಹೆಣ್ಣು ಒಟ್ಟಿಗೆ ಬಾಳುವುದು ಅವಳಿಗೆ ಸಹಜ, ಆದ್ದರಿಂದ ಕಥಾನಾಯಕ ಹಿಬಿಕಿಯನ್ನು ಮೆಚ್ಚಿದೊಡನೆ ಅದನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತಾಳೆ. ನಾನು ಅಲ್ಲಿಂದಲೇ ಒಳಹೊಕ್ಕಿದ್ದರಿಂದ ಅವಳ ಕಣ್ಣೇ ನನ್ನ ಕಣ್ಣಾಯಿತು. ಉಳಿದವರೆಲ್ಲ ವಿನಾಕಾರಣ ಮುಜುಗರಪಡುವ ವಿಚಿತ್ರ ಜನರಂತೆ ಕಂಡರು. ಮೊದಲಿನಿಂದ ನೋಡುವವರಿಗೆ ಆಗುವುದು ಇದರ ತಿರುವುಮುರುವು. ಗಂಡಸರೇ ಇರುವ ತಾರಾಕ್ ಗ್ರಹದಲ್ಲಿ ಹೆಂಗಸರೆಂದರೆ ರಾಕ್ಷಸಿಯರು ಎಂದು ಕಲಿಸಿದ್ದಾರೆ. ಹೆಂಗಸರೇ ಇರುವ ಮೆಜೆರೆಯಲ್ಲೂ ಗಂಡಸರ ಬಗ್ಗೆ ಇಂಥದೇ ಪಾಠ. ಎರಡೂ ಕಡೆಯ ಅಂತರಿಕ್ಷ ಹಡಗುಗಳು ಬೆಸೆದು 'ನಿರ್ವಾಣ' ಎಂಬ ಒಂದೇ ಹಡಗಾಗಿ, ಅದರಲ್ಲಿ ಮೂವರೇ ಗಂಡಸರು ಉಳಿದಾಗ, ಡೀಟಾ ಎಂಬ ಹುಡುಗಿ ಹಿಬಿಕಿಯನ್ನು 'ಉಚೂಜಿನ್-ಸಾನ್', ಅಂದರೆ ಅನ್ಯಗ್ರಹದವರೇ ಎಂದು ಕರೆಯುತ್ತಾಳೆ. ಆ ಹುಡುಗ ತನ್ನ ಗ್ರಹದಲ್ಲಿ ಊಟವೆಂದು ತಿಂದು ಬೆಳೆದದ್ದು ಗುಳಿಗೆಗಳನ್ನು. ಅವಳು ಅಡುಗೆ ಮಾಡಿ ಅವನ ಮುಂದಿಡುತ್ತಾಳೆ. ಇವೆಲ್ಲವನ್ನೂ ಕಂಡು, ಗಂಡು ಹೆಣ್ಣು ಜೊತೆಯಲ್ಲಿರುವುದೇ ನಮಗೂ ಹೊಸದೆನಿಸುವಷ್ಟು ಅವರ ನಡುವೆ ಬಾಳಿದ ಮೇಲೆ ಮಿಸ್ಟಿ ಬರಬೇಕು. ಆಗ ವಿಚಿತ್ರವಾಗಿ ಕಾಣುವವಳು ಅವಳು. ನನಗೆ ಆ ಅನುಭವ ಒಮ್ಮೆಯೂ ಆಗಲಿಲ್ಲ, ಇನ್ನು ಆಗುವಂತೆಯೂ ಇಲ್ಲ.

ಮಗುವಿನ ವಿಷಯವೂ ಹಾಗೆಯೇ. ಎರಡನೇ ಭಾಗದಲ್ಲಿ, ಹಡಗಿನ ಹೆಂಗಸರಲ್ಲೊಬ್ಬಳಾದ ಎಜ್ರಾಳ ಕಂಕುಳಲ್ಲಿ ಕೂಸು ಆಗಲೇ ಇರುತ್ತದೆ, ನಾನು ಅದನ್ನು ಗಮನಿಸಲೂ ಇಲ್ಲ. ಆ ಕೂಸು ಹುಟ್ಟುವುದು ಮೊದಲ ಭಾಗದಲ್ಲಿ. ತಾಯಿಯ ಬಸಿರೆಂಬುದನ್ನೇ ಅರಿಯದ ಗ್ರಹದಿಂದ ಬಂದ ವೈದ್ಯ ಡ್ಯುಯೆರೋ ಇರುವ ಹಡಗಿನಲ್ಲಿ ಹೆರಿಗೆಯಾಗುವುದೆಂದರೆ ಏನು ಎಂಬುದನ್ನು ಯೋಚಿಸಿ ನೋಡಿ. ನೀವು 'ತಮಾಷೆ' ಎಂದು ಬಿಡಲು ಹೊರಟಿರುವ ಕಂತುಗಳಲ್ಲೇ ಇದೂ ಇದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಇದರಲ್ಲಿ ಪೀಠಿಕೆ ಬೇರೆ, ಕಥೆ ಬೇರೆ ಎಂದಿಲ್ಲ. ಹುಡುಗಿಯರ ಮೈಯನ್ನು ಕ್ಯಾಮೆರಾ ದಿಟ್ಟಿಸುವ ರೀತಿ ನನಗೂ ಹಿಡಿಸುವುದಿಲ್ಲ, ಅದು ಎರಡೂ ಭಾಗಗಳಲ್ಲಿದೆ. ಅದು ಬೇಡವೆನ್ನುವುದಾದರೆ ಸರಣಿಯನ್ನೇ ಬಿಡಿ, ಅರ್ಧ ಬಿಡಬೇಡಿ. ಕಂತುಗಳನ್ನು ಕತ್ತರಿಸಿ ಜೋಡಿಸಿದ ಸಂಕಲನ ಚಿತ್ರವನ್ನು ನೋಡಿ ಮೊದಲ ಭಾಗವನ್ನು ಮುಗಿಸುವ ಯೋಚನೆಯೂ ಬೇಡ, ಅಡುಗೆಮನೆಯ ಇಂಥ ಸಣ್ಣ ಸಣ್ಣ ಸಂಗತಿಗಳೇ ಕತ್ತರಿಗೆ ಮೊದಲು ಸಿಗುವುದು.

ಇನ್ನೊಂದು ನಷ್ಟವನ್ನು ವಿವರಿಸಿದರೆ ನಿಮಗೂ ಅದೇ ನಷ್ಟ, ಹಾಗಾಗಿ ಇಷ್ಟನ್ನೇ ಹೇಳುತ್ತೇನೆ: ನಿರ್ವಾಣದಲ್ಲಿ ಒಬ್ಬರ ಬಗ್ಗೆ ಒಂದು ಗುಟ್ಟಿದೆ, ಅದು ಒಡೆಯುವುದು ಎರಡನೇ ಭಾಗದಲ್ಲಿ. ಅದನ್ನು ಮೊದಲೇ ತಿಳಿದುಕೊಂಡು ಹಿಂದಿನ ಕಂತುಗಳಿಗೆ ಮರಳಿದ ನನಗೆ ಆ ಪಾತ್ರದ ಪ್ರತಿಯೊಂದು ಮಾತೂ ಬರೀ ಸುಳಿವಾಗಿ ಕೇಳಿಸಿತು, ಆ ವ್ಯಕ್ತಿಯನ್ನು ನಾನು ಒಂದು ಗಳಿಗೆಯೂ ನಂಬಲಿಲ್ಲ. ಮುಂದೆ ನನ್ನ ತಂಗಿಗೆ ಇದನ್ನು ಮೊದಲ ಕಂತಿನಿಂದಲೇ ತೋರಿಸಿದೆ. ಗುಟ್ಟು ಒಡೆದ ಕಂತಿನಲ್ಲಿ ಅವಳು ನನ್ನ ಕೈಯಿಂದ ಮೌಸ್ ಕಸಿದುಕೊಂಡು ಚಿತ್ರವನ್ನು ನಿಲ್ಲಿಸಿ, ಹಿಂದಿನ ಕಂತುಗಳನ್ನು ಒಂದೊಂದಾಗಿ ತೆರೆದು, ಆ ಪಾತ್ರ ಬಾಯಿ ತೆರೆಯುವ ದೃಶ್ಯಗಳನ್ನೆಲ್ಲ ಹುಡುಕಿ ನೋಡಿದಳು. ಮುಂದಿನ ಕಂತಿಗೆ ಹೋಗಲು ಅವಳು ಒಪ್ಪಿದ್ದು ಮರುದಿನ ಸಂಜೆಗೆ.