ಒಮ್ಮೆ ತುಳಿದರೆ ಎರಡು ಧ್ವನಿ ದಾಟುವ ಫುಟ್ ಕಂಟ್ರೋಲರ್

ಪ್ರಶ್ನೆ: ನಾನು ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಕೈ ತೆಗೆಯದೆಯೇ ಲ್ಯಾಪ್‌ಟಾಪಿನಲ್ಲಿರುವ ಧ್ವನಿಗಳನ್ನು ಬದಲಿಸಲೆಂದು ರಾಸ್ಪ್‌ಬೆರಿ ಪೈ ಜೀರೋ ಎಂಬ ಪುಟ್ಟ ಕಂಪ್ಯೂಟರ್ ಮತ್ತು ನಾಲ್ಕು ಸ್ವಿಚ್‌ಗಳನ್ನು ಬಳಸಿ ಮಿಡಿ (ವಾದ್ಯ ಮತ್ತು ಕಂಪ್ಯೂಟರುಗಳ ನಡುವೆ ಸಂದೇಶ ಕಳಿಸುವ ಪದ್ಧತಿ) ಫುಟ್ ಕಂಟ್ರೋಲರ್ ಒಂದನ್ನು ಮಾಡಿಕೊಂಡಿದ್ದೇನೆ. ‘ಮುಂದಿನ ಧ್ವನಿ’ ಸ್ವಿಚ್ಚನ್ನು ಒಮ್ಮೆ ತುಳಿದರೆ ಕೆಲವು ಸಲ ಕೊಳಲಿನಿಂದ ವಯಲಿನ್ನಿಗೆ ಹೋಗುವ ಬದಲು ಅದನ್ನೂ ದಾಟಿ ವೀಣೆಗೆ ಹೋಗುತ್ತದೆ. ಕಾರಣವೇನು? ಕಾರ್ಯಕ್ರಮ ಮುಗಿದ ಮೇಲೆ ಯುಎಸ್‌ಬಿ ಕೇಬಲ್ಲನ್ನು ಹಾಗೆಯೇ ಕಿತ್ತರೆ ತೊಂದರೆಯಿದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸ್ವಿಚ್ಚನ್ನು ಒತ್ತಿ ಹಿಡಿದು, ನಿಧಾನವಾಗಿ ಕಾಲೆತ್ತಿ ನೋಡಿ. ಪ್ರತಿ ಸಲವೂ ಕಾಲೆತ್ತಿದಾಗ ಧ್ವನಿ ಮತ್ತೆ ಬದಲಾದರೆ ನಿಮ್ಮ ಪ್ರೋಗ್ರಾಂ ಒತ್ತಿದ್ದಕ್ಕೂ ಬಿಟ್ಟದ್ದಕ್ಕೂ ಸಂದೇಶ ಕಳಿಸುತ್ತಿದೆ ಎಂದರ್ಥ. ನೀವು ಬರೆದಂತೆ ಕೆಲವು ಸಲ ಮಾತ್ರ ಹೀಗಾಗುವುದಾದರೆ ಅದು ಬಹುಮಟ್ಟಿಗೆ ‘ಬೌನ್ಸ್’ ದೋಷವೇ ಸರಿ. ಸ್ವಿಚ್ಚಿನೊಳಗಿನ ಲೋಹದ ತುಣುಕುಗಳು ಒಂದೇ ಏಟಿಗೆ ಕೂಡಿಕೊಳ್ಳದೆ, ಕೆಲವು ಮಿಲಿಸೆಕೆಂಡುಗಳ ಕಾಲ ತಾಗುತ್ತಾ ಬಿಡುತ್ತಾ ಇರುತ್ತವೆ. ನಮ್ಮ ಕಾಲಿಗೆ ತಿಳಿಯದ ಈ ಅದುರಾಟವನ್ನು ಪೈ ಹಲವು ತುಳಿತಗಳೆಂದು ಎಣಿಸುತ್ತದೆ. ಒತ್ತಿದ್ದಾಗಲಿ ಬಿಟ್ಟದ್ದಾಗಲಿ, ಒಂದು ಬದಲಾವಣೆಯನ್ನು ಸ್ವೀಕರಿಸಿದ ಮೇಲೆ 20ರಿಂದ 30 ಮಿಲಿಸೆಕೆಂಡು ಆ ಸ್ವಿಚ್ಚನ್ನು ಜೋಡಿಸಿರುವ ಪಿನ್ನಿನ ಕಡೆ ಗಮನ ಕೊಡದಂತೆ ಪ್ರೋಗ್ರಾಂ ತಿದ್ದಿದರೆ ಸಾಕು.

ಆದರೆ ವೇದಿಕೆಯ ಮೇಲೆ ‘ಮುಂದಿನ ಧ್ವನಿ’ ಎಂಬ ಏರ್ಪಾಡನ್ನೇ ನಾನು ಒಪ್ಪುವುದಿಲ್ಲ. ಮಿಡಿಯಲ್ಲಿ ಧ್ವನಿ ಬದಲಿಸುವ ‘ಪ್ರೋಗ್ರಾಂ ಚೇಂಜ್’ ಸಂದೇಶವು 0ಯಿಂದ 127ರವರೆಗಿನ ಒಂದು ಸಂಖ್ಯೆಯನ್ನು ಹೊತ್ತೊಯ್ಯುತ್ತದೆ. ಕೊಳಲಿಗೊಂದು, ವಯಲಿನ್ನಿಗೊಂದು ಎಂದು ಪ್ರತಿ ಸ್ವಿಚ್ಚಿಗೂ ನಿಶ್ಚಿತ ಸಂಖ್ಯೆ ಕೊಟ್ಟುಬಿಟ್ಟರೆ, ಅದೇ ಸಂದೇಶ ಎರಡು ಸಲ ಹೋದರೂ ನೀವು ತಪ್ಪು ವಾದ್ಯಕ್ಕೆ ಹೋಗಿ ಬೀಳುವುದಿಲ್ಲ. ಅನೇಕ ಸಾಫ್ಟ್‌ವೇರ್‌ಗಳು ಎಣಿಕೆಯನ್ನು 1ರಿಂದ ತೋರಿಸುವುದರಿಂದ, ಪರದೆಯ ಮೇಲೆ 12 ಎಂದಿರುವ ಧ್ವನಿಗೆ ನೀವು 11 ಕಳಿಸಬೇಕಾಗಬಹುದು.

ವೈರಿಂಗ್ ಬಗ್ಗೆ ಒಂದೇ ಎಚ್ಚರಿಕೆ: ಸ್ವಿಚ್ಚುಗಳನ್ನು ಜೋಡಿಸುವ, ಪೈಯ ಜಿಪಿಐಒ ಪಿನ್‌ಗಳು 3.3 ವೋಲ್ಟಿನವು, 5 ವೋಲ್ಟಿನ ತಂತಿ ಅವಕ್ಕೆ ತಾಗಕೂಡದು.

ಇನ್ನು ಕೇಬಲ್ ಕೀಳುವ ವಿಚಾರ. ನಿಮ್ಮ ಪೈಗೆ ಲ್ಯಾಪ್‌ಟಾಪಿನಿಂದ ಸಂಪರ್ಕವೂ ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಬರುತ್ತಿದ್ದರೆ, ಅದನ್ನು ಕೀಳುವುದೆಂದರೆ ಚಾಲೂ ಇರುವ ಕಂಪ್ಯೂಟರಿನ ಕರೆಂಟು ತೆಗೆದಂತೆಯೇ. ಆ ಕ್ಷಣದಲ್ಲಿ ಮೆಮೊರಿ ಕಾರ್ಡಿಗೆ ಏನಾದರೂ ಬರೆಯಲಾಗುತ್ತಿದ್ದರೆ ಕಡತಗಳು ಕೆಟ್ಟು, ಮುಂದಿನ ಕಾರ್ಯಕ್ರಮದ ಹೊತ್ತಿಗೆ ಪೈ ಏಳದೇ ಹೋಗಬಹುದು. ಪ್ರೋಗ್ರಾಂ ತಿದ್ದುವ ಕೆಲಸವೆಲ್ಲ ಮುಗಿದ ಮೇಲೆ ಪೈಯ ಸೆಟ್ಟಿಂಗುಗಳ ಪ್ರೋಗ್ರಾಂ ಆದ ರಾಸ್ಪಿ-ಕಾನ್ಫಿಗ್‌ನಲ್ಲಿರುವ ‘ಓವರ್‌ಲೇ ಫೈಲ್ ಸಿಸ್ಟಂ’ ಆಯ್ಕೆಯನ್ನು ಸಕ್ರಿಯಗೊಳಿಸಿ. ಆಗ ಬರವಣಿಗೆಯೆಲ್ಲ ಕಾರ್ಡಿನ ಬದಲು ರ್‍ಯಾಮ್‌ನಲ್ಲಿ ನಡೆಯುವುದರಿಂದ ನೇರವಾಗಿ ಕಿತ್ತರೂ ಕಾರ್ಡಿಗೆ ಅಪಾಯ ಬಹಳ ಕಡಿಮೆ. ಧ್ವನಿಯ ಸಂಖ್ಯೆಗಳನ್ನು ಬದಲಿಸಬೇಕಾದಾಗ ಮಾತ್ರ ಆ ಆಯ್ಕೆಯನ್ನು ತೆಗೆದು, ಪೈಯನ್ನು ಮರುಚಾಲನೆ ಮಾಡಿ ತಿದ್ದಿರಿ.